ಮನೆ ಕಾದ ಅಭಿಮಾನಿಗಳು

ಇವತ್ತು ‘ಡಾಕ್ಟರ್ ಹೂ’ ಕಥೆ. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಶುರುವಾದ ಈ ವೈಜ್ಞಾನಿಕ ಧಾರಾವಾಹಿ 1989ರಲ್ಲಿ ನಿಂತುಹೋಯ್ತು. 1996ರಲ್ಲಿ ಒಂದು ಟಿವಿ ಸಿನಿಮಾ ಬಂತು, ಅದೂ ಮುಂದುವರಿಯಲಿಲ್ಲ.

ಅಷ್ಟು ವರ್ಷ ಇದನ್ನ ಜೀವಂತ ಇಟ್ಟವರು ಯಾರು? ಅಭಿಮಾನಿಗಳು. ಕಾದಂಬರಿ ಬರೆದರು, ಆಡಿಯೋ ನಾಟಕ ಮಾಡಿದರು. ಅದಕ್ಕೂ ಹಿಂದೆ ಬಿಬಿಸಿ ಎಷ್ಟೋ ಹಳೇ ಕಂತುಗಳ ಟೇಪನ್ನೇ ಅಳಿಸಿಹಾಕಿತ್ತು. ಆ ಕಂತುಗಳ ಧ್ವನಿಯಾದ್ರೂ ಉಳಿದಿದ್ದರೆ, ಆಗ ಮನೆಯಲ್ಲೇ ಟೇಪ್ ರೆಕಾರ್ಡರ್ ಹಚ್ಚಿ ಕೂತ ನೋಡುಗರಿಂದ.

ಹಾಗಾಗಿ 2003ರಲ್ಲಿ ಧಾರಾವಾಹಿ ಮರಳುತ್ತೆ ಅಂದಾಗ ಖುಷಿಯ ಜೊತೆ ಆತಂಕವೂ ಇತ್ತು. ಪಾಪ್ ಗಾಯಕಿ ಬಿಲ್ಲಿ ಪೈಪರ್ ನಾಯಕಿ ಅಂತ ಗೊತ್ತಾದಾಗ ಹಲವರು ಮುಖ ಸಿಂಡರಿಸಿದರು. 2005ರ ಮಾರ್ಚ್ 26ರ ಮೊದಲ ಕಂತನ್ನ ಬ್ರಿಟನ್ನಿನಲ್ಲಿ ಒಂದು ಕೋಟಿಗೂ ಹೆಚ್ಚು ಜನ ನೋಡಿದರು. ವಾರ ಕಳೆಯೋ ಮೊದಲೇ ನಾಯಕ ಕ್ರಿಸ್ಟೋಫರ್ ಎಕ್ಲ್‌ಸ್ಟನ್ ಬಿಡ್ತಾರೆ ಅನ್ನೋ ಸುದ್ದಿ! ಬದಲಿಗೆ ಬಂದ ಡೇವಿಡ್ ಟೆನೆಂಟ್ ಚಿಕ್ಕಂದಿನಿಂದ ಇದರ ಅಭಿಮಾನಿ. ಮರುಜೀವ ಕೊಟ್ಟ ರಸೆಲ್ ಟಿ. ಡೇವಿಸ್ ಕೂಡ 1996ರಲ್ಲಿ ಇದರದೇ ಕಾದಂಬರಿ ಬರೆದವರು.

ಅಭಿಮಾನಿಗಳ ಗೊಣಗಾಟವನ್ನ ಬರೀ ಹಟ ಅನ್ನೋಕೆ ನನಗೆ ಮನಸ್ಸಾಗಲ್ಲ. ಮನೆ ಕಾದವರು ಬೀಗದ ಕೈ ಕೊಡುವಾಗ ಎರಡು ಮಾತು ಕೇಳೇ ಕೇಳ್ತಾರೆ.