ಎರಡು ಹನಿಯ ಚರಿತ್ರೆ

ಚರಿತ್ರೆ ಅಂದರೆ ರಾಜರ ದಂಡಯಾತ್ರೆಯಷ್ಟೇ ಅಲ್ಲ. ಕೂಲಿಯವಳ ಮಗುವಿನ ಬಾಯಿಗೆ ಬಿದ್ದ ಎರಡು ಹನಿಗೂ ಚರಿತ್ರೆ ಇದೆ. ಆ ಹನಿಯನ್ನು ಆರಿಸಿದವರು ಯಾರು? ಅದು ಸೋತಾಗ ಬೈಸಿಕೊಂಡವರು ಯಾರು?

ಪೋಲಿಯೊಗೆ ಎರಡು ಬಗೆಯ ಲಸಿಕೆ. ಸಾಲ್ಕ್ ಮಾಡಿದ್ದು ಸತ್ತ ವೈರಾಣುವಿನದು, 1955ರಲ್ಲಿ ಬಂತು, ಸೂಜಿಯಿಂದ ಚುಚ್ಚಬೇಕು. ಆಮೇಲೆ ಬಂದ ಸಾಬಿನ್ ಲಸಿಕೆ ಬಲಗುಂದಿಸಿದ ಜೀವಂತ ವೈರಾಣುವಿನದು, ಬಾಯಿಗೆ ಹಾಕಿದರೆ ಸಾಕು. ನಮ್ಮ ಸರ್ಕಾರ ಹನಿಯನ್ನೇ ಆರಿಸಿತು. ಕಾರಣಗಳೇನೂ ಸುಳ್ಳಲ್ಲ. ಅಗ್ಗ. ಸೂಜಿ ಬೇಡ. ಯಾರು ಬೇಕಾದರೂ ಕಲಿತು ಹಾಕಬಹುದು. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದಾಗ ಬೂತು ತುಂಬಿತು.

ಆದರೆ ಹನಿ ಕೆಲಸ ಮಾಡಬೇಕಾದ್ದು ಮಗುವಿನ ಕರುಳಿನಲ್ಲಿ. ಹೊರದೇಶದ ಮಕ್ಕಳಿಗೆ ಸಾಕಾದ ಮೂರು ಸಲದ ಹನಿ ನಮ್ಮ ಮಕ್ಕಳಿಗೆ ಸಾಲದು ಅಂತ ವೆಲ್ಲೂರಿನ ವೈದ್ಯ ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ಕಂಡಿದ್ದರು. ಸೂಜಿ ಲಸಿಕೆಯ ಪರವಾಗಿಯೂ ವಾದಿಸಿದರು. ಆ ಮಾತು ನಡೆಯಲಿಲ್ಲ.

2002ರಲ್ಲಿ ದೇಶದ 1,600 ಮಕ್ಕಳಿಗೆ ಪೋಲಿಯೊ ಬಡಿಯಿತು. ಮುಕ್ಕಾಲು ಪಾಲು ಉತ್ತರ ಪ್ರದೇಶದವು. ತಪ್ಪು ಯಾರದು? ತಾಯಂದಿರು ಮೂಢರು, ಮುಸ್ಲಿಮರು ಬಾಗಿಲು ತೆಗೆಯೋದಿಲ್ಲ ಅಂದರು. ಕೆಲವರು ತೆಗೆಯಲಿಲ್ಲ, ನಿಜ. ಮಕ್ಕಳಾಗದ ಹಾಗೆ ಮಾಡುವ ಔಷಧಿ ಎಂಬ ಗುಲ್ಲಿತ್ತು. ತುರ್ತುಪರಿಸ್ಥಿತಿಯಲ್ಲಿ ಹಿಡಿದೆಳೆದು ಆಪರೇಷನ್ ಮಾಡಿಸಿದ ಸರ್ಕಾರದ ಮೇಲೆ ಆ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ.

ಮತ್ತೆ ಮತ್ತೆ ಹನಿ ಕುಡಿದ ಮಕ್ಕಳ ಕಾಲೂ ಬಿದ್ದುಹೋಯಿತಲ್ಲ, ಅದಕ್ಕೇನು ಹೇಳೋಣ? ಸಂಶೋಧಕರು ಲೆಕ್ಕ ಹಾಕಿದರು: ಮೂರು ತಳಿ ಬೆರೆಸಿದ ಆ ಹನಿಯ ಒಂದು ಸಲದ ಬಲ, ಮುಖ್ಯ ತಳಿಯ ವಿರುದ್ಧ, ಉತ್ತರ ಪ್ರದೇಶದಲ್ಲಿ ನೂರಕ್ಕೆ ಸುಮಾರು 11 ಮಾತ್ರ. ಇಕ್ಕಟ್ಟಿನ ಗಲ್ಲಿ, ತೆರೆದ ಚರಂಡಿ, ಬಿಡದ ಭೇದಿ. ಅಂಥ ಕರುಳಿನಲ್ಲಿ ಲಸಿಕೆ ನೆಲೆ ನಿಲ್ಲದು. ಜೊತೆಗೆ ಮೂರು ತಳಿಗಳ ಒಳಜಗಳ ಬೇರೆ. ಸೋತದ್ದು ತಾಯಿಯ ತಿಳಿವಳಿಕೆ ಅಲ್ಲ, ಊರಿನ ಚರಂಡಿ ಮತ್ತು ದಿಲ್ಲಿಯ ಆಯ್ಕೆ.

2005ರಲ್ಲಿ ಒಂದೇ ತಳಿಯ ಹನಿ ತಂದರು. ಬಲ ಸುಮಾರು 30ಕ್ಕೆ ಏರಿತು. 2010ರಲ್ಲಿ ಎರಡು ತಳಿಯ ಹನಿ ಬಂತು. 2011ರ ಜನವರಿ 13, ಹೌರಾದ ಎರಡು ವರ್ಷದ ಹುಡುಗಿ: ಅದೇ ಕೊನೆಯ ಕಾಡು ಪೋಲಿಯೊ. 2014ರ ಮಾರ್ಚ್ 27ಕ್ಕೆ ಪ್ರಮಾಣಪತ್ರ. ಪಕ್ಕಕ್ಕಿಟ್ಟಿದ್ದ ಸೂಜಿ ಲಸಿಕೆ 2015ರಲ್ಲಿ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಬಂತು.

ಗೆಲುವು ದೊಡ್ಡದೇ. ಗಲ್ಲಿ ಗಲ್ಲಿ ತಿರುಗಿ ಹನಿ ಹಾಕಿದ ಹೆಣ್ಣುಮಕ್ಕಳದು ಅದು. ಆದರೆ ಚರಂಡಿ ಕಟ್ಟೋದಕ್ಕಿಂತ ಹನಿ ಬದಲಿಸೋದು ಸುಲಭ ಅನ್ನೋದನ್ನೂ ಆಳುವವರು ಇದರಿಂದ ಕಲಿತರು.

ಗೆಳೆಯರೇ, ಮೇಷ್ಟರೇ, ಮಕ್ಕಳಿಗೆ ಲಸಿಕೆ ಹಾಕಿಸಿ, ತಪ್ಪಿಸಬೇಡಿ. ಹಾಕಿಸಿದ ಕೈಯಲ್ಲೇ ಅರ್ಜಿಯನ್ನೂ ಬರೆಯಿರಿ: ಈ ಲಸಿಕೆ ನಮ್ಮ ಕೇರಿಯ ಮಗುವಿನ ಹೊಟ್ಟೆಯಲ್ಲಿ ನಿಲ್ಲುತ್ತೋ ಅಂತ ನೋಡಿ ಆರಿಸಿದ್ದೀರಾ? ಕುಡಿಯೋ ನೀರು ಯಾವಾಗ ಕೊಡ್ತೀರಿ?