ಮಿರಜದ ದಾರಿ, ಬೆಂಗಳೂರಿನ ದಾರಿ

ನಮ್ಮ ನಾಗನೂರ ಕಡೆ ದೊಡ್ಡ ಜಡ್ಡು ಬಂತೆಂದರೆ ಹಿರಿಯರ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: "ಮಿರಜಕ್ಕ ಒಯ್ಯಿರಿ." ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ತೆರೆದ ದವಾಖಾನೆಯ ಮೇಲೆ ಗೋಕಾಕ ಸೀಮೆಗೆ ಅಷ್ಟು ನಂಬಿಕೆ. ಮುಂದೆ 1929ರಲ್ಲಿ ಡಾ. ಕೊಕಟನೂರರು ಘಟಪ್ರಭೆಯಲ್ಲಿ ಆರೋಗ್ಯಧಾಮ ಸುರು ಮಾಡಿದಾಗ ಎಷ್ಟೋ ರೋಗಗಳಿಗೆ ಮಿರಜದವರೆಗೆ ಹೋಗುವ ಕೆಲಸ ತಪ್ಪಿತು. ಆದರೆ ತಲೆಯೊಳಗಿನ ಗಡ್ಡೆಗೆ ಈ ಎರಡೂ ದಾರಿ ಸಾಲುತ್ತಿರಲಿಲ್ಲ. ತಲೆಬುರುಡೆಯ ತಳದ ಗಡ್ಡೆಗಂತೂ ಜಗತ್ತಿನ ದೊಡ್ಡ ಆಸ್ಪತ್ರೆಗಳೇ ಅಂಜುತ್ತಿದ್ದವು.

ಅಂಜಿಕೆಗೆ ಕಾರಣ ಆ ಜಾಗ. ಬುರುಡೆಯ ತಳವೆಲ್ಲ ರಂಧ್ರಗಳು. ಕಣ್ಣು, ಮುಖ, ಕಿವಿ, ಗಂಟಲಿನ ನರಗಳೂ ಮಿದುಳಿಗೆ ರಕ್ತ ಒಯ್ಯುವ ನಾಳಗಳೂ ಅಲ್ಲಿಂದಲೇ ಹಾಯುತ್ತವೆ. ನನ್ನ ಸೋದರತ್ತೆಗೆ ಆದದ್ದು ಕಿವಿಯ ನರಕ್ಕೆ ಹತ್ತಿದ ಗಡ್ಡೆ. ಕ್ಯಾನ್ಸರಲ್ಲ, ನಿಧಾನಕ್ಕೆ ಬೆಳೆಯುವಂಥದ್ದು. ಇಂಥ ಗಡ್ಡೆ ಬೆಳೆದಂತೆ ಮುಖದ ನರ ಅದರ ಮೈಮೇಲೆ ಗೋಕಾಕ ಮಿಲ್ಲಿನ ನೂಲಿನ ಎಳೆಯ ಹಾಗೆ ತೆಳ್ಳಗೆ ಹಿಗ್ಗುತ್ತದೆ. ಅದು ಕಡಿಯಿತೋ, ಅರ್ಧ ಮುಖ ಸೊಟ್ಟ, ಕಣ್ಣು ಮುಚ್ಚುವುದಿಲ್ಲ.

20ನೆಯ ಶತಮಾನದ ಆರಂಭದಲ್ಲಿ ಇದರ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಅಮೆರಿಕದ ಹಾರ್ವೆ ಕುಶಿಂಗ್ 1917ರಲ್ಲಿ ಈ ಒಂದು ಗಡ್ಡೆಯ ಮೇಲೆಯೇ ಇಡೀ ಪುಸ್ತಕ ಬರೆದರು. ತಿರುಳು ತೆಗೆದು ಸಿಪ್ಪೆ ಬಿಟ್ಟರೆ ರೋಗಿ ಉಳಿಯುತ್ತಾನೆ ಎಂಬುದು ಅವರ ದಾರಿ. ಜೀವ ಉಳಿಯಿತು, ಆದರೆ ಉಳಿದ ಸಿಪ್ಪೆ ಮತ್ತೆ ಬೆಳೆಯುತ್ತಿತ್ತು.

ಬುರುಡೆಯನ್ನು ತೆರೆಯದೆಯೇ ಒಳಗಿನ ಒಂದು ಬಿಂದುವಿಗೆ ವಿಕಿರಣ ಮುಟ್ಟಿಸುವ ವಿಚಾರವನ್ನು ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲಿ ಮುಂದಿಟ್ಟರು. ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಜತೆಗೂಡಿದರು. 1960ರ ದಶಕದ ಕೊನೆಗೆ ಸ್ಟಾಕ್‌ಹೋಮಿನಲ್ಲಿ ಮೊದಲ ಗಾಮಾ ನೈಫ್ ಸಿದ್ಧವಾಯಿತು. ಕೋಬಾಲ್ಟ್-60ರ 179 ತುಣುಕುಗಳಿಂದ 179 ಕಿರಣಗಳು. ಒಂದೊಂದೂ ಮಿದುಳನ್ನು ಹಾಯ್ದು ಹೋಗುವಾಗ ಹೆಚ್ಚಿನ ಕೇಡು ಮಾಡುವುದಿಲ್ಲ, ಎಲ್ಲವೂ ಕೂಡಿದಲ್ಲಿ ಮಾತ್ರ ಪೆಟ್ಟು. 1969ರಲ್ಲಿ ಕಿವಿಯ ನರದ ಗಡ್ಡೆಗೆ ಇದನ್ನು ಮೊದಲ ಸಲ ಬಳಸಿದರು. ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಆ ವರ್ಷ. ಆಗ ಸಿ.ಟಿ. ಸ್ಕ್ಯಾನೇ ಇರಲಿಲ್ಲ! ಮಿದುಳಿನ ಸುತ್ತಲಿನ ದ್ರವದ ಜಾಗಕ್ಕೆ ಗಾಳಿ ತುಂಬಿ, ಎಕ್ಸ್‌ರೇಯಲ್ಲಿ ಕಂಡ ನೆರಳಿನ ಮೇಲೆ ಲೆಕ್ಕ ಹಾಕಿ ಗುರಿ ಇಡಬೇಕಿತ್ತು. ಮೊದಮೊದಲು ಕೊಟ್ಟ ಪ್ರಮಾಣ ಹೆಚ್ಚಾಗಿ ಕೆಲವರ ಮುಖದ ನರ ಸೋತಿತು. ಅದನ್ನು ಇಳಿಸುತ್ತ ಇಳಿಸುತ್ತ ಈಗ ಗಡ್ಡೆಯ ಅಂಚಿಗೆ 12-13 ಗ್ರೇ (ವಿಕಿರಣದ ಅಳತೆ) ಎಂಬಲ್ಲಿಗೆ ಬಂದಿದ್ದಾರೆ. ಕಡಿಮೆ ಕೊಟ್ಟೂ ತಡೆಯಬಹುದು ಎಂದು ಕಂಡುಕೊಂಡದ್ದನ್ನು ಯಂತ್ರ ಕಟ್ಟಿದ್ದಕ್ಕಿಂತ ದೊಡ್ಡದೆಂದೇ ನಾನು ಎಣಿಸುತ್ತೇನೆ.

ಬುರುಡೆ ತೆರೆಯದೆ ಮಿದುಳನ್ನು ಮುಟ್ಟುವ ವಿದ್ಯೆಗೆ ನಮ್ಮ ನಾಡೂ ಹೊಸದಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅಂದರೆ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, ಡಾ. ಆರ್.ಎಂ. ವರ್ಮಾ ಪಾರ್ಕಿನ್‌ಸನ್ ರೋಗಿಗಳ ಮಿದುಳಿನ ಆಳವನ್ನು ಬುರುಡೆಯ ತಳದ ಒಂದು ಸಹಜ ರಂಧ್ರದ ಮೂಲಕವೇ ಮುಟ್ಟುವ ವಿಧಾನ ಬೆಳೆಸಿದ್ದರು. ಗಾಮಾ ನೈಫ್ 1997ರಲ್ಲಿ ಮುಂಬಯಿಯ ಹಿಂದೂಜಾ ಆಸ್ಪತ್ರೆಗೂ ದಿಲ್ಲಿಯ ಏಮ್ಸ್‌ಗೂ ಬಂತು, 2006ರಲ್ಲಿ ನಿಮ್ಹಾನ್ಸ್‌ಗೆ. ಅಲ್ಲಿಂದ ನಮ್ಮವರ ದಾರಿ ತಿರುಗಿತು. ಘಟಪ್ರಭಾ ಸ್ಟೇಶನ್ನಿನಲ್ಲಿ ಮಿರಜದ ಕಡೆ ಮುಖ ಮಾಡಿ ನಿಲ್ಲುತ್ತಿದ್ದವರು ಬೆಂಗಳೂರಿಗೆ ಹೋಗುವ ರಾಣಿ ಚೆನ್ನಮ್ಮ ರೈಲು ಹತ್ತಿದರು.

ಅತ್ತೆಯೂ ಹತ್ತಿದಳು. ಎಚ್ಚರವಿದ್ದಂತೆಯೇ, ಚರ್ಮ ಜೋಮು ಹಿಡಿಸಿ, ನಾಲ್ಕು ತಿರುಪುಗಳಿಂದ ತಲೆಗೆ ಚೌಕಟ್ಟು ಬಿಗಿದರು. ಎಂಆರ್‌ಐ, ಲೆಕ್ಕ, ಆಮೇಲೆ ಯಂತ್ರದೊಳಗೆ ಸದ್ದಿಲ್ಲದ ಹೊತ್ತು. "ಗಡ್ಡಿ ತಗದ್ರ?" ಎಂದು ಆಕೆ ಕೇಳಿದ್ದಕ್ಕೆ ವೈದ್ಯರು ನೇರವಾಗಿ ಹೇಳಿದರು: ಗಡ್ಡೆ ಅಲ್ಲೇ ಇರುತ್ತದೆ, ಬೆಳೆಯದಂತೆ ಮಾಡಿದ್ದೇವೆ, ಹೋದ ಕಿವಿ ತಿರುಗಿ ಬರುವುದಿಲ್ಲ, ಆಗಾಗ ಎಂಆರ್‌ಐ ಮಾಡಿಸುತ್ತಿರಬೇಕು. ಊರಲ್ಲಿ ಇದನ್ನು ಅರಗಿಸಿಕೊಳ್ಳುವುದು ಕಷ್ಟವಾಯಿತು. ರೊಕ್ಕ ಕೊಟ್ಟೂ ಗಡ್ಡೆ ಒಳಗೇ ಉಳಿಯಿತಲ್ಲ ಎಂದು ಮಾತಾಡಿಕೊಂಡರು. ಆಕೆಯ ಮುಖ ನೆಟ್ಟಗಿತ್ತು, ಗಂಟಲಲ್ಲಿ ಅನ್ನ ಸರಾಗ ಇಳಿಯುತ್ತಿತ್ತು. ಕುಶಿಂಗ್ ಕಾಲದಲ್ಲಿ ಇಷ್ಟು ಬಯಸುವ ಧೈರ್ಯ ಯಾರಿಗಿತ್ತು?

ಆದರೆ ಈ ಕಿರಣಕ್ಕೂ ಮಿತಿ ಇದೆ. ಗಡ್ಡೆ ಸುಮಾರು 3 ಸೆಂಟಿಮೀಟರ್ ಮೀರಿ ಮಿದುಳಿನ ಕಾಂಡವನ್ನು ಒತ್ತತೊಡಗಿದರೆ ಮತ್ತೆ ಬುರುಡೆ ತೆರೆಯಲೇಬೇಕಾಗುತ್ತದೆ. ಅದಕ್ಕೇ ಗಡ್ಡೆ ಸಣ್ಣದಿದ್ದಾಗಲೇ ಗೊತ್ತಾಗಬೇಕು. ಅತ್ತೆಯ ಒಂದು ಕಿವಿ ಮಂದವಾಗಿ ವರ್ಷಗಳೇ ಕಳೆದಿದ್ದವು. ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಿದ್ದರು. ನಡೆವಾಗ ಜೋಲಿ ಹೊಡೆದಾಗಲೇ ಬೆಳಗಾವಿಗೆ ಒಯ್ದದ್ದು. ವಯಸ್ಸಿನ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗೆ ಬರುತ್ತದೆ. ಒಂದೇ ಕಿವಿ ಮಂದವಾದವರನ್ನು ಶ್ರವಣ ಪರೀಕ್ಷೆಗೆ ಕಳಿಸಿರಿ ಎಂದು ನಮ್ಮ ಆಶಾ ಕಾರ್ಯಕರ್ತೆಯರಿಗೆ, ಮೂಡಲಗಿ-ಗೋಕಾಕದ ದವಾಖಾನೆಗಳಿಗೆ ಸಿಕ್ಕಾಗಲೆಲ್ಲ ಹೇಳುತ್ತ ಬಂದಿದ್ದೇನೆ.