ಗೆದ್ದಲು, ಜಾರಿದ ಗುಡ್ಡ, ರೇಡಾನ್ ಮತ್ತು ಒಂದು ದೆವ್ವ

ಉತ್ತರ ನ್ಯೂಜೆರ್ಸಿಯಲ್ಲಿ ನಾವೊಂದು ಹಳೇ ಮನೆ ನೋಡಿದ್ದೇವೆ, 1967ರಲ್ಲಿ ಕಟ್ಟಿದ್ದು. ಮುಂಗಡ ಕೊಟ್ಟಾಗಿದೆ, ಬರುವ ಶನಿವಾರ ಹೋಮ್ ಇನ್‌ಸ್ಪೆಕ್ಷನ್. ಅದರಲ್ಲಿ ದೊಡ್ಡ ದೋಷ ಏನಾದರೂ ಸಿಕ್ಕರೆ ಮುಂಗಡ ವಾಪಸ್ ತೆಗೆದುಕೊಂಡು ಹೊರಗೆ ಬರಬಹುದು. ಸಿಗದೆ ಆಮೇಲೆ ಕಂಡರೆ ಹನ್ನೆರಡು ವರ್ಷದ ಉಳಿತಾಯಕ್ಕೆ ಕುತ್ತು. ಏನೇನು ನೋಡುತ್ತೇವೆ ಅಂತ ಇನ್‌ಸ್ಪೆಕ್ಟರ್ ಒಂದು ಪಟ್ಟಿ ಕಳಿಸಿದ್ದಾರೆ. ಅದನ್ನು ಓದುತ್ತಾ ಕೂತವನಿಗೆ ಒಂದು ಕುತೂಹಲ ಹುಟ್ಟಿತು: ಈ ಪಟ್ಟಿ ಬಂದದ್ದಾದರೂ ಎಲ್ಲಿಂದ? ಕೆದಕುತ್ತಾ ಹೋದರೆ ಹೆಚ್ಚುಕಮ್ಮಿ ಪ್ರತಿ ಸಾಲಿನ ಹಿಂದೆಯೂ ಮನೆ ಕೊಂಡು ಕೆಟ್ಟ ಯಾರದೋ ಕಥೆ ಇದೆ!

ಮೂಲಕ್ಕೆ ಹೋದರೆ ಇಂಗ್ಲೆಂಡಿನ 1603ರ ಒಂದು ಮೊಕದ್ದಮೆ ಸಿಗುತ್ತದೆ. ಅಕ್ಕಸಾಲಿಗನೊಬ್ಬ ಒಂದು ಕಲ್ಲನ್ನು 'ಬೆಜೋರ್' ಅಂತ ಹೇಳಿ 100 ಪೌಂಡಿಗೆ ಮಾರಿದ. ಬೆಜೋರ್ ಅಂದರೆ ಮೇಕೆಯಂಥ ಪ್ರಾಣಿಗಳ ಹೊಟ್ಟೆಯಲ್ಲಿ ಬೆಳೆಯುವ ಗಟ್ಟಿ. ನಮ್ಮ ಗೋರೋಚನದ ದಾಯಾದಿ ಅನ್ನಿ, ವಿಷಕ್ಕೆ ಮದ್ದು ಅಂತ ಆಗ ಜನ ನಂಬಿದ್ದರು. ಅದು ಬೆಜೋರ್ ಅಲ್ಲ ಅಂತ ಕೊಂಡವನು ಕೋರ್ಟಿಗೆ ಹೋದರೆ, ಮಾರಿದವನು ಬೆಜೋರ್ ಅಂತ ಹೇಳಿದ್ದನೇ ಹೊರತು ಖಾತರಿ ಕೊಟ್ಟಿರಲಿಲ್ಲವಲ್ಲ ಅಂದುಬಿಟ್ಟರು. ಕೊಳ್ಳುವವನೇ ಎಚ್ಚರವಾಗಿರಬೇಕು ಅನ್ನುವ ಈ ನ್ಯಾಯ ಹಡಗು ಹತ್ತಿ ಅಮೆರಿಕಕ್ಕೂ ಬಂತು.

ಮನೆ ವಿಷಯದಲ್ಲಿ ಅದು ಎಷ್ಟು ಕಟುವಾಗಿತ್ತು ಅನ್ನುವುದಕ್ಕೆ ಮ್ಯಾಸಚೂಸೆಟ್ಸ್‌ನ ಗೆದ್ದಲು ಪ್ರಕರಣ ಸಾಕು. 1938ರಲ್ಲಿ ಒಂದು ಬ್ಯಾಂಕು ನ್ಯೂಟನ್ ಊರಿನ ಮನೆಯೊಂದನ್ನು ಮಾರಿತು. ಮನೆಗೆ ಗೆದ್ದಲು ಹಿಡಿದಿತ್ತು, ಅದು ಬ್ಯಾಂಕಿಗೆ ಗೊತ್ತಿತ್ತು ಅನ್ನುವುದು ದೂರು. ಕೊಂಡವರಿಗೆ ಗೊತ್ತಾದದ್ದು 1940ರಲ್ಲಿ. 1942ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಹೇಳಿದ್ದು: ಬ್ಯಾಂಕು ಸುಳ್ಳು ಹೇಳಿಲ್ಲ, ಸುಮ್ಮನಿತ್ತು ಅಷ್ಟೇ, ಸುಮ್ಮನಿರುವುದು ಮೋಸವಲ್ಲ. ಮಾರುವವನು ಕಾಣದ ದೋಷವನ್ನೆಲ್ಲ ಹೇಳಬೇಕು ಅಂದರೆ, ಕೊಳ್ಳುವವನೂ ತನಗೆ ಮಾತ್ರ ಗೊತ್ತಿರುವ ಮನೆಯ ಹೆಚ್ಚುಗಾರಿಕೆಯನ್ನು ಹೇಳಬೇಕಾಗುತ್ತದೆ ಅನ್ನುವ ವಾದ ಬೇರೆ. ನನಗಂತೂ ಇದು ಹಗ್ಗದ ಮೇಲಿನ ನಡಿಗೆಯಂತೆ ಕಂಡಿತು. ಕಾಲ ಬದಲಾಗಲು ಬಹಳ ವರ್ಷ ಬೇಕಾಗಲಿಲ್ಲ. 1960ರಲ್ಲಿ ವಾಷಿಂಗ್ಟನ್ ರಾಜ್ಯದ ಕೋರ್ಟು ಅದೇ ಗೆದ್ದಲಿನ ವಿಷಯದಲ್ಲಿ, ಗೊತ್ತಿದ್ದೂ ಹೇಳದವನು ಹೊಣೆ ಅಂತ ತೀರ್ಪು ಕೊಟ್ಟಿತು.

ಆದರೆ ಇನ್‌ಸ್ಪೆಕ್ಷನ್ನನ್ನು ಮನೆಮಾತು ಮಾಡಿದ್ದು ಗೆದ್ದಲಲ್ಲ, ಕ್ಯಾಲಿಫೋರ್ನಿಯಾದ ಒಂದು ಗುಡ್ಡ. ಡಯಾಬ್ಲೋ ಅನ್ನುವ ಊರು, ಒಂದು ಎಕರೆ ಜಾಗ, ಈಜುಕೊಳ, ಅತಿಥಿಗಳಿಗೆ ಬೇರೆ ಮನೆ, ಎಲ್ಲಾ ಸೇರಿ 1,70,000 ಡಾಲರ್. 1976ರಲ್ಲಿ ಮಾರಾಟವಾಯಿತು. ಸ್ವಲ್ಪ ದಿನಕ್ಕೇ ನೆಲ ಜಾರಿತು. ಸರಿಯಾಗಿ ದಮ್ಮಸ್ಸು ಮಾಡದೆ ತುಂಬಿದ ಮಣ್ಣಿನ ಮೇಲೆ ಮನೆ ಕಟ್ಟಿದ್ದರು. ಹಿಂದೆಯೂ ಜಾರಿತ್ತು, ಮಾರಿದವರು ಇಳಿಜಾರಿಗೆ ಬಲೆ ಹಾಕಿಸಿದ್ದರು, ಆದರೆ ಬಾಯಿ ಬಿಟ್ಟಿರಲಿಲ್ಲ. ಮನೆಯ ಬೆಲೆ 20,000 ಡಾಲರಿಗೆ ಇಳಿದಿದೆ, ರಿಪೇರಿಗೆ 2,13,000 ಡಾಲರ್ ತನಕ ಆಗಬಹುದು ಅಂತ ಪರಿಣತರು ಸಾಕ್ಷಿ ಹೇಳಿದರು. ಅಂದರೆ ಮನೆ ಕೊಂಡ ದುಡ್ಡಿಗಿಂತ ರಿಪೇರಿಯೇ ಜಾಸ್ತಿ! ಏಜೆಂಟರಿಗೆ ಆ ಬಲೆ ಕಂಡಿತ್ತು, ಅತಿಥಿಮನೆಯ ನೆಲ ಏರುಪೇರಾಗಿರುವುದೂ ಗೊತ್ತಿತ್ತು. ಕೇಳಲಿಲ್ಲ, ಹೇಳಲಿಲ್ಲ. 1984ರಲ್ಲಿ ಮೇಲ್ಮನವಿ ಕೋರ್ಟು, ಮನೆಯನ್ನು ಕಣ್ಣಿಟ್ಟು ನೋಡಿ ಕಂಡದ್ದನ್ನು ಕೊಳ್ಳುವವರಿಗೆ ತಿಳಿಸುವುದು ಏಜೆಂಟನ ಕರ್ತವ್ಯ ಎಂದಿತು. ಮರುವರ್ಷ ಅದು ಶಾಸನವಾಯಿತು. 1987ರಿಂದ ಅಲ್ಲಿ ಮಾರುವವರು ಮನೆಯ ಕುಂದುಗಳನ್ನೆಲ್ಲ ಬರೆದುಕೊಡುವ ನಮೂನೆ ಕಡ್ಡಾಯವಾಯಿತು.

ಏಜೆಂಟರಿಗೆ ಬಿಸಿ ಮುಟ್ಟಿತು. ತಲೆ ಮೇಲಿನ ಭಾರ ಇಳಿಸಿಕೊಳ್ಳಲು 'ಒಬ್ಬ ಇನ್‌ಸ್ಪೆಕ್ಟರನ್ನು ಕರೆಸಿ ಸ್ವಾಮಿ' ಅನ್ನತೊಡಗಿದರು. ಇನ್‌ಸ್ಪೆಕ್ಟರುಗಳ ಸಂಘ 1976ರಲ್ಲೇ ಹುಟ್ಟಿತ್ತು ನಿಜ, ಆದರೆ ಕಸುಬಿಗೆ ಕಸುವು ತುಂಬಿದ್ದು ಕೊಳ್ಳುವವರ ಮೇಲಿನ ಕರುಣೆಗಿಂತ ವಕೀಲರ ಮೇಲಿನ ಭಯ ಅಂತಲೇ ನನ್ನ ಅನಿಸಿಕೆ. ಏಜೆಂಟ್ ಕೊಟ್ಟ ಮೂರು ಹೆಸರು ಬಿಟ್ಟು ನಾವೇ ಬೇರೆ ಹುಡುಕಿಕೊಂಡದ್ದು ಅದಕ್ಕೇ. ಮಾರುವವರು ತುಂಬಿಕೊಟ್ಟ ನಮೂನೆಯಲ್ಲಿ 'ಗೊತ್ತಿಲ್ಲ' ಅಂತ ಎಲ್ಲೆಲ್ಲಿ ಬರೆದಿದ್ದಾರೋ ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿಟ್ಟಿದ್ದೇನೆ. ಬೇಸ್‌ಮೆಂಟಿಗೆ ನೀರು ಬಂದಿದೆಯೇ ಅನ್ನುವುದಕ್ಕೂ 'ಗೊತ್ತಿಲ್ಲ'. ಇಪ್ಪತ್ತು ವರ್ಷ ವಾಸವಿದ್ದವರಿಗೆ ಗೊತ್ತಿಲ್ಲವಂತೆ :)

ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ರೇಡಾನ್. ಬಣ್ಣವಿಲ್ಲದ, ವಾಸನೆಯಿಲ್ಲದ ವಿಕಿರಣ ಅನಿಲ. ನೆಲದಲ್ಲಿರುವ ಯುರೇನಿಯಂನಿಂದ ಹುಟ್ಟಿ ತಳಪಾಯದ ಬಿರುಕಿನಿಂದ ಮನೆಯೊಳಗೆ ನುಗ್ಗುತ್ತದೆ, ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. 1984ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದಲ್ಲಿ ಒಬ್ಬ ಇಂಜಿನಿಯರ್ ಬಾಗಿಲು ದಾಟಿದರೆ ಸಾಕು, ವಿಕಿರಣದ ಅಲಾರಂ ಹೊಡೆದುಕೊಳ್ಳುತ್ತಿತ್ತು. ಸ್ಥಾವರದಲ್ಲಿ ಇನ್ನೂ ವಿದ್ಯುತ್ ಉತ್ಪಾದನೆಯೇ ಶುರುವಾಗಿರಲಿಲ್ಲ. ಆತ ಒಳಗೆ ಬರುವಾಗಲೇ ಅಲಾರಂ ಹೊಡೆದುಕೊಂಡಾಗ ಗೊತ್ತಾಯಿತು, ವಿಕಿರಣ ಬರುತ್ತಿರುವುದು ಮನೆಯಿಂದ! ಅಳೆದರೆ ಲೀಟರಿಗೆ ಸುಮಾರು 2,700 ಪಿಕೋಕ್ಯೂರಿ. 4 ದಾಟಿದರೆ ಸರಿಪಡಿಸಿ ಅಂತ ಇಲ್ಲಿನ ಪರಿಸರ ಸಂಸ್ಥೆ ಹೇಳುತ್ತದೆ. ಸಂಸಾರ ಮನೆ ಬಿಟ್ಟು, ಅದನ್ನು ಸರಿಪಡಿಸಿದ ಮೇಲೆ ಹಿಂತಿರುಗಿತು. ಆ ಮನೆ ನಿಂತಿದ್ದ ಬಂಡೆಪಟ್ಟಿಯ ಹೆಸರು ರೀಡಿಂಗ್ ಪ್ರಾಂಗ್. ಅದು ನ್ಯೂಜೆರ್ಸಿಯ ಉತ್ತರವನ್ನೂ ಹಾದುಹೋಗುತ್ತದೆ. ನಕ್ಷೆಯಲ್ಲಿ ಬೆರಳಿಟ್ಟು ನೋಡಿದೆ, ನಮ್ಮ ಮನೆ (ಇನ್ನೂ ನಮ್ಮದಲ್ಲ!) ಅದರ ಪಕ್ಕಕ್ಕೇ ಇದೆ. ಕನಿಷ್ಠ ಎರಡು ದಿನ ಕಿಟಕಿ ಬಾಗಿಲು ಮುಚ್ಚಿಟ್ಟು ಅಳೆಯಬೇಕು. ಅದಕ್ಕೆ ಬೇರೆ ಶುಲ್ಕ, ಕೊಡುತ್ತೇನೆ. ಹೆಚ್ಚು ಬಂದರೂ ಓಡಬೇಕಿಲ್ಲ. ನೆಲದಡಿಯಿಂದ ಒಂದು ಪೈಪು, ಅದಕ್ಕೊಂದು ಫ್ಯಾನು ಇಟ್ಟು ಗಾಳಿಯನ್ನು ಸೂರಿನ ಮೇಲೆ ಬಿಟ್ಟರೆ ಆಯಿತು.

1967 ಅಂದಮೇಲೆ ಇನ್ನೆರಡು ಇವೆ. ಮನೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯಾದರೆ ಸೀಸದ ವಿಷಯ ಗೊತ್ತಿದ್ದರೆ ಹೇಳಬೇಕು, ಪರೀಕ್ಷಿಸಲು 10 ದಿನ ಕೊಡಬೇಕು ಅನ್ನುವ 1992ರ ಕಾನೂನು 1996ರಲ್ಲಿ ಜಾರಿಯಾಯಿತು. ಇನ್ನೊಂದು, ತಾಮ್ರ ದುಬಾರಿಯಾಗಿದ್ದ 1965-73ರ ನಡುವೆ ಎಷ್ಟೋ ಮನೆಗಳಿಗೆ ಎಳೆದ ಅಲ್ಯೂಮಿನಿಯಂ ವೈರು. ಜೋಡಣೆಗಳಲ್ಲಿ ಸಡಿಲವಾಗಿ ಬಿಸಿಯೇರಿ ಬೆಂಕಿ ಹತ್ತುವ ಭಯ.

ಇನ್‌ಸ್ಪೆಕ್ಟರಿಗೂ ಕಾಣದ್ದು ಇದ್ದರೆ? ನ್ಯೂಯಾರ್ಕಿನ ನಾಯಾಕ್ ಊರಿನ ಮನೆಯಲ್ಲಿ ದೆವ್ವಗಳಿವೆ ಅಂತ ಮಾರಿದವರೇ ಹಿಂದೆ ಪತ್ರಿಕೆಗೆ ಬರೆದಿದ್ದರು, ಮಾರುವಾಗ ಮಾತ್ರ ಹೇಳಲಿಲ್ಲ. 1991ರಲ್ಲಿ ಕೋರ್ಟು, ಕಾನೂನಿನ ಮಟ್ಟಿಗೆ ಆ ಮನೆ ದೆವ್ವದ ಮನೆಯೇ, ಎಂಥ ಇನ್‌ಸ್ಪೆಕ್ಷನ್ನಿನಲ್ಲೂ ದೆವ್ವ ಕಾಣುವುದಿಲ್ಲವಲ್ಲ ಅಂತ ಕೊಂಡವರನ್ನು ಕರಾರಿನಿಂದ ಬಿಡಿಸಿತು. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದುಕೊಂಡ ನಾಡಿನವರು ನಾವು, ನಗುವ ಹಾಗಿಲ್ಲ.

ನಮ್ಮ ನಾಡಿನ ಮಾತು ಬಂತಲ್ಲ. ಬೆಂಗಳೂರಲ್ಲಿ ಸೈಟೋ ಮನೆಯೋ ಕೊಳ್ಳುವಾಗ ವಕೀಲರ ಹತ್ತಿರ ಮೂಲಪತ್ರ, ಖಾತೆ, ಇ.ಸಿ., ಕಂದಾಯದ ರಸೀದಿ ಎಲ್ಲಾ ತೋರಿಸುತ್ತೇವೆ, ವಾಸ್ತು ನೋಡಿಸುತ್ತೇವೆ, ಗೋಡೆ ಸೋರುತ್ತದೆಯೇ ಅಂತ ನೋಡುವುದಕ್ಕೆ ದುಡ್ಡು ಕೊಟ್ಟು ಒಬ್ಬರನ್ನು ಕರೆಸುವುದು ಕಡಿಮೆ. ತಮಾಷೆ ಏನೆಂದರೆ, ಬ್ರಿಟಿಷರು 1882ರಲ್ಲಿ ಇಂಡಿಯಾಕ್ಕೆ ಮಾಡಿದ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಂ ಮೊದಲ ಸಾಲುಗಳಲ್ಲೇ ಹೇಳುತ್ತದೆ: ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಧಾರಣ ಎಚ್ಚರದಿಂದ ಅವನಿಗೆ ಕಾಣಿಸದ ಮುಖ್ಯ ದೋಷವನ್ನು, ಅದು ಆಸ್ತಿಯಲ್ಲಿರಲಿ ಹಕ್ಕಿನಲ್ಲಿರಲಿ, ಮಾರುವವನು ಹೇಳಲೇಬೇಕು. ಬೇರೆ ಕರಾರು ಇಲ್ಲದಿದ್ದರೆ ಅಷ್ಟೇ ಅನ್ನಿ. ಆದರೂ ನ್ಯೂಟನ್ನಿನ ಆ ಗೆದ್ದಲು ಹಿಡಿದ ಮನೆ ಮಾರಾಟವಾಗುವುದಕ್ಕೆ 56 ವರ್ಷ ಮೊದಲೇ ಬರೆದಿಟ್ಟ ಸಾಲದು.